ಮಕ್ಕಳ ಸಂತೆಯ ಲೆಕ್ಕ

ಗಣಿತದ ಪುಸ್ತಕದಲ್ಲಿ ಒಬ್ಬ ವ್ಯಾಪಾರಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡು ಕೂತಿದ್ದಾನೆ. ಒಂದು ಡಜನ್ ಪೆನ್ನು 96 ರೂಪಾಯಿಗೆ ಕೊಳ್ಳುತ್ತಾನೆ, ಒಂದಕ್ಕೆ 10 ರೂಪಾಯಿಯಂತೆ ಮಾರುತ್ತಾನೆ. ಹನ್ನೆರಡೂ ಖರ್ಚಾಗುತ್ತವೆ. ಅವನ ಹತ್ತಿರ ಯಾರೂ ಚೌಕಾಸಿ ಮಾಡುವುದಿಲ್ಲ, ಸಾಲ ಹೇಳುವುದಿಲ್ಲ, ಮಳೆ ಬಂದು ಅವನ ಸರಕು ನೆನೆಯುವುದಿಲ್ಲ. ನಷ್ಟವಾದರೂ ಶೇಕಡಾ ಹತ್ತೋ ಇಪ್ಪತ್ತೋ ಎಂದು ಅಚ್ಚುಕಟ್ಟಾಗಿ ಆಗುತ್ತದೆ. ಇಷ್ಟು ನೆಮ್ಮದಿಯ ವ್ಯಾಪಾರಿಯನ್ನು ತಿಪಟೂರು, ಅರಸೀಕೆರೆ ಕಡೆಯ ಯಾವ ಸಂತೆಯಲ್ಲೂ ನಾನು ಕಂಡಿಲ್ಲ.

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆಯುವ ಮಕ್ಕಳ ಸಂತೆಗೆ ಅವನೇನಾದರೂ ಬಂದರೆ ಅರ್ಧ ಗಂಟೆಯಲ್ಲಿ ಗಂಟುಮೂಟೆ ಕಟ್ಟುತ್ತಾನೆ.

ಈ ಸಂತೆ ಈಗ ನಾಡಿನ ಎಷ್ಟೋ ಶಾಲೆಗಳಲ್ಲಿ ಇದೆ. ಕೆಲವೆಡೆ ಮೆಟ್ರಿಕ್ ಮೇಳ ಎಂದು ಬ್ಯಾನರ್ ಕಟ್ಟುತ್ತಾರೆ. ಮಕ್ಕಳು ಮನೆಯಿಂದ ಸಾಮಾನು ತರಬೇಕು, ತಕ್ಕಡಿ ಹಿಡಿದು ತೂಗಬೇಕು, ಮಾರಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು. ಊರಿನವರು ಕೊಳ್ಳಬೇಕು. ನಮ್ಮಲ್ಲಿ ಇದನ್ನು ಅವರೆಕಾಯಿ ಕಾಲದಲ್ಲಿ ಇಟ್ಟುಕೊಳ್ಳುತ್ತಾರೆ. ಹಿಂದಿನ ಸಂಜೆಯೇ ಹಿತ್ತಲುಗಳಿಗೆ ದಾಳಿ ಶುರು. ಕರಿಬೇವಿನ ಗಿಡ ಬೋಳು, ನಿಂಬೆಗಿಡದಲ್ಲಿ ಹೀಚೂ ಉಳಿಯದು, ಕೋಳಿ ಇಟ್ಟ ಮೊಟ್ಟೆ ಆರುವ ಮೊದಲೇ ಚೀಲ ಸೇರುತ್ತದೆ. ಬೆಳಿಗ್ಗೆ ಧ್ವಜಕಟ್ಟೆಯ ಸುತ್ತ ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂತರೆಂದರೆ ನುಗ್ಗೆಸೊಪ್ಪು, ದಂಟು, ಸೀಬೆಹಣ್ಣು, ತೆಂಗಿನಕಾಯಿ, ಹುಣಸೆಹಣ್ಣು, ಕಡ್ಡಿಪೊರಕೆ. ಆ ಕಡೆ ಮೂಲೆಯಲ್ಲಿ ಚುರುಮುರಿ, ಮಜ್ಜಿಗೆ, ಪಾನಿಪೂರಿ. ಪಾನಿಪೂರಿಯ ಮುಂದೆ ಯಾವಾಗಲೂ ಗುಂಪು. ಸೊಪ್ಪಿನವರು ಅತ್ತ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ.

ಪೇಟೆಯಿಂದ ಚಿಪ್ಸ್ ಪ್ಯಾಕೆಟ್ಟಿನ ಹಾರ ತಂದು ನೇತುಹಾಕುವ ಒಂದಿಬ್ಬರು ಪ್ರತಿವರ್ಷ ಇರುತ್ತಾರೆ. ಅವರ ಹಿಂದೆ ಅಪ್ಪಂದಿರು ನಿಂತಿರುತ್ತಾರೆ, ವ್ಯಾಪಾರವನ್ನೂ ಅವರೇ ಮಾಡುತ್ತಾರೆ. ಆ ಅಂಗಡಿಗೆ ನಾನು ಹೋಗುವುದಿಲ್ಲ.

ಒಂದನೇ ತರಗತಿಯವರದ್ದು ಬೇರೆಯೇ ಸಾಲು. ಒಂದರಿಂದ ಮೂರರವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಮೊದಲಾಗಿ ಆಮೇಲೆ ನಾಡಿಗೆಲ್ಲ ಹಬ್ಬಿದ ಪದ್ಧತಿ ಅದು. ಆ ಕೋಣೆಯಲ್ಲಿ ಸಾಲು ಬೆಂಚುಗಳಿಲ್ಲ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಗೋಡೆಯ ಬುಡದಲ್ಲಿ ಅವರ ಕೈಗೆಟುಕುವಷ್ಟು ತಗ್ಗಿನಲ್ಲಿ ಕಪ್ಪು ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಅವರೇ ಬರೆದ ಚಿತ್ರಗಳು ಗಾಳಿಗೆ ತೂಗುತ್ತಿರುತ್ತವೆ. ಅಕ್ಷರವೂ ಅ ಆ ಇ ಈ ಎಂದು ಹೊರಡುವುದಿಲ್ಲ. ರ ಗ ಸ ದ ಅ ಎಂದು ಹೊರಡುತ್ತದೆ. ಹೀಗಾಗಿ ಶಾಲೆಗೆ ಸೇರಿ ಆರು ತಿಂಗಳಾದ ಪುಟಾಣಿಯೊಬ್ಬ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ದರ’ ಎಂದು ತಪ್ಪಿಲ್ಲದೆ ಬರೆದು ನಿಲ್ಲಿಸಿದ್ದ. ಎಷ್ಟು ಎಂಬುದನ್ನು ಬರೆದಿರಲಿಲ್ಲ. ಕೇಳಿದರೆ ಮುಖ ನೋಡಿ ಹೇಳುತ್ತಿದ್ದ. ಅವನು ಮುಂದೆ ಬರುತ್ತಾನೆ.

ಮೇಳದ ಹೆಸರೇನೋ ಮೆಟ್ರಿಕ್ಕಿನದು, ಅಂದರೆ ಕೆಜಿ, ಲೀಟರಿನ ಅಳತೆಯದು. ದೇಶದಲ್ಲಿ ಅದಕ್ಕೆ ಕಾಯಿದೆ ಬಂದದ್ದು 1956ರಲ್ಲಿ. ಮರುವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಆದರೆ ಕೊಳ್ಳಲು ಬರುವ ಅಜ್ಜಿಯರಿಗೆ ಆ ಸುದ್ದಿ ಪೂರ್ತಿ ತಲುಪಿದಂತಿಲ್ಲ. ಕಡಲೆಕಾಯಿಯನ್ನು ಅವರು ಪಾವಿನಲ್ಲಿ ಕೇಳುತ್ತಾರೆ, ಹುರುಳಿಯನ್ನು ಸೇರಿನಲ್ಲಿ. 25 ಪೈಸೆಯ ಬಿಲ್ಲೆ 2011ರಲ್ಲೇ ಚಲಾವಣೆ ಕಳೆದುಕೊಂಡರೂ ‘ನಾಲ್ಕಾಣೆ ಬಾಳಲ್ಲ ಈ ಸೊಪ್ಪು’ ಎನ್ನುವ ಬಾಯಿಗೆ ಅದು ಇನ್ನೂ ಸಲ್ಲುತ್ತದೆ. ಶಾಲೆಯ ಮಕ್ಕಳು ಎರಡು ಅಳತೆಯ ನಡುವೆ ನಿಂತು ಎರಡನ್ನೂ ಕಲಿಯುತ್ತವೆ. ಅಜ್ಜಿಯ ಪಾವು ತಂದು ತುಂಬಿ, ತಕ್ಕಡಿಗೆ ಸುರಿದು, ಎಷ್ಟು ಗ್ರಾಂ ಬರುತ್ತದೆಂದು ನೋಡುತ್ತಿದ್ದ ಇಬ್ಬರು ಹುಡುಗಿಯರು ಕಡಲೆಕಾಯಿಗೊಂದು, ಹುರುಳಿಗೊಂದು ತೂಕ ಬಂದದ್ದನ್ನು ಕಂಡು ಜಗಳವಾಡಿಕೊಂಡರು. ಒಂದೇ ಪಾವು, ತೂಕ ಮಾತ್ರ ಬೇರೆ! ವಿಜ್ಞಾನದ ಮೇಷ್ಟ್ರು ಹೇಳಿಕೊಡಬೇಕಾದ ಪಾಠ ಗೋಣಿಚೀಲದ ಮೇಲೆ ತಾನೇ ಬಂದು ಕೂತಿತ್ತು. ಮೇಷ್ಟ್ರು ಆಗ ಪಾನಿಪೂರಿ ತಿನ್ನುತ್ತಿದ್ದರು.

ನಾನು ತುಂಬಾ ಹೊತ್ತು ನಿಂತು ನೋಡಿದ್ದು ಚಿಲ್ಲರೆ ಕೊಡುವುದನ್ನು. ತರಗತಿಯಲ್ಲಿ 50ರಲ್ಲಿ 35 ಕಳೆ ಎಂದರೆ ಸೊನ್ನೆಯಲ್ಲಿ ಐದು ಹೋಗುವುದಿಲ್ಲ, ಪಕ್ಕದ ಮನೆಯಿಂದ ದಶಕ ಸಾಲ ತಗೋ, ಹತ್ತರಲ್ಲಿ ಐದು ಹೋದರೆ ಐದು, ಸಾಲ ಕೊಟ್ಟ ಐದು ನಾಲ್ಕಾಯಿತು, ನಾಲ್ಕರಲ್ಲಿ ಮೂರು ಹೋದರೆ ಒಂದು ಎಂದೆಲ್ಲ ದಾರಿ. ನಾನು 35 ರೂಪಾಯಿಯ ಅವರೆಕಾಯಿಗೆ 50ರ ನೋಟು ಕೊಟ್ಟಾಗ ನಾಲ್ಕನೇ ತರಗತಿಯ ಹುಡುಗ ಯಾರ ಮನೆಗೂ ಸಾಲಕ್ಕೆ ಹೋಗಲಿಲ್ಲ. ಐದರ ಬಿಲ್ಲೆ ನನ್ನ ಅಂಗೈಗೆ ಹಾಕಿ ‘ನಲ್ವತ್ತು’ ಎಂದ. ಹತ್ತರ ನೋಟು ಅದರ ಮೇಲಿಟ್ಟು ‘ಐವತ್ತು, ಸರೀನಾ?’ ಎಂದ. ಕಳೆಯಲೇ ಇಲ್ಲ, ಕೂಡಿಕೊಂಡು ಹೋದ. ನಮ್ಮೂರ ಶೆಟ್ಟರ ಅಂಗಡಿಯಲ್ಲೂ ಹೀಗೇ ಕೊಡುತ್ತಾರೆ. ಅವನು ಅಲ್ಲಿ ನೋಡಿ ಕಲಿತನೋ, ತಾನೇ ಕಂಡುಕೊಂಡನೋ. ಹುಡುಗನ ಮೇಡಂ ಪಕ್ಕದಲ್ಲೇ ಇದ್ದರು. ‘ಕ್ಲಾಸಲ್ಲಿ ಕಳೆಯೋ ಲೆಕ್ಕ ಕೊಟ್ರೆ ಇವನಿಗೆ ಬರೋದೇ ಇಲ್ಲ ಸಾರ್’ ಎಂದು ಅವನ ಎದುರಿಗೇ ಹೇಳಿದರು. ಹುಡುಗ ಅದನ್ನು ಹೊಗಳಿಕೆಯಂತೆಯೇ ಸ್ವೀಕರಿಸಿ ಮುಂದಿನ ಗಿರಾಕಿಯತ್ತ ತಿರುಗಿದ.

ಏಳನೇ ತರಗತಿಯ ಒಬ್ಬ ಅಪ್ಪನ ಫೋನ್‌ಪೇ ಚೀಟಿಯನ್ನೇ ತಂದು ತೆಂಗಿನಕಾಯಿ ಗುಡ್ಡೆಗೆ ಒರಗಿಸಿದ್ದ. ಸ್ಕ್ಯಾನ್ ಮಾಡಿದವರೆಲ್ಲ ‘ಬಂತಾ ನೋಡು’ ಅನ್ನುತ್ತಿದ್ದರು. ಬಂದದ್ದು ಅಪ್ಪನ ಫೋನಿಗೆ, ಅಪ್ಪ ಇದ್ದದ್ದು ತೋಟದಲ್ಲಿ. ಹುಡುಗ ಕಾಯಿ ಕೊಟ್ಟು ದೇವರ ಮೇಲೆ ಭಾರ ಹಾಕುತ್ತಿದ್ದ. ನನಗೇನೋ ಈ ಚೀಟಿಯನ್ನು ಮಕ್ಕಳ ಸಂತೆಯಲ್ಲಿ ಬಿಡಬಾರದು ಅನ್ನಿಸುತ್ತದೆ. ಚಿಲ್ಲರೆಯ ತಾಪತ್ರಯ ಇಲ್ಲವಾದ ಮೇಲೆ ಸಂತೆಯಲ್ಲಿ ಕಲಿಯಲು ಇನ್ನೇನು ಉಳಿಯಿತು?

ಕೊಸರಿನ ಸಂಗತಿ ಹೇಳಬೇಕು. ಅವರೆಕಾಯಿಯ ಹುಡುಗ ಸರಿಯಾಗಿ ಒಂದು ಕೆಜಿ ತೂಗಿ ಚೀಲಕ್ಕೆ ಸುರಿದದ್ದೇ ತಡ, ಗಿರಾಕಿ ಅಜ್ಜಿ ಗುಡ್ಡೆಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡಿತು.

‘ಅಜ್ಜಿ, ಕೆಜಿ ಆಯ್ತಲ್ಲಾ!’

‘ಆಯ್ತು ಕಣ್ಲಾ ಮಗ, ಇದು ಕೊಸ್ರು.’

‘ಕೊಸ್ರಿಗೆ ದುಡ್ಡು?’

‘ದುಡ್ಡು ಕೊಟ್ರೆ ಅದ್ಯಾಕೆ ಕೊಸ್ರಾಯ್ತದೆ?’

ಹುಡುಗ ಪೆಚ್ಚಾದ. ಎರಡನೇ ಅಜ್ಜಿಗೂ ಹೀಗೇ ಆಯಿತು. ಮೂರನೆಯವರು ಬರುವಷ್ಟರಲ್ಲಿ ಅವನೇ ಮೊದಲು ಕೈ ಹಾಕಿ ಒಂದು ಸಣ್ಣ ಹಿಡಿ ಎತ್ತಿ ಚೀಲಕ್ಕೆ ಬಿಟ್ಟ. ಅವನ ಹಿಡಿ ಅಜ್ಜಿಯ ಹಿಡಿಗಿಂತ ಚಿಕ್ಕದು ಎಂಬುದು ಅವನಿಗೆ ಹೊಳೆದಿತ್ತು! ಹನ್ನೊಂದು ಗಂಟೆಗೆಲ್ಲ ಅವನ ಗುಡ್ಡೆ ಖಾಲಿ. ಪಕ್ಕದಲ್ಲಿ ಗ್ರಾಂ ಲೆಕ್ಕಕ್ಕೆ ಅಂಟಿಕೊಂಡಿದ್ದ ಹುಡುಗಿಯ ಅವರೆಕಾಯಿ ಮಧ್ಯಾಹ್ನದವರೆಗೂ ಹಾಗೇ ಇತ್ತು. ಆಕೆ ತರಗತಿಗೆ ಮೊದಲಿಗಳಂತೆ.

ಸಮುದಾಯದ ಸಹಭಾಗಿತ್ವ ಎಂದು ಇಲಾಖೆಯ ಕಾಗದದಲ್ಲಿ ಬರೆಯುತ್ತಾರಲ್ಲ, ಅದು ಆವತ್ತು ಹೀಗೆಲ್ಲ ಕಾಣಿಸಿತು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಉದ್ದ ಭಾಷಣ ಮಾಡಿದರು. ಅಷ್ಟರಲ್ಲಿ ಮಜ್ಜಿಗೆ ಬಿಸಿಯಾಯಿತು. ಶಾಲಾ ಮಂತ್ರಿಮಂಡಲದ ಸ್ವಚ್ಛತಾ ಮಂತ್ರಿ ಪಾನಿಪೂರಿ ತಟ್ಟೆ ಬಿಸಾಡಿದ ಗ್ರಾಮ ಪಂಚಾಯಿತಿ ಸದಸ್ಯರನ್ನು ಕರೆದು ಹೆಕ್ಕಿಸಿದಳು. ಅವರು ನಕ್ಕು ಹೆಕ್ಕಿದರು. ಅವಳು ನಗಲಿಲ್ಲ. ಬಿಸಿಯೂಟದ ಅಡುಗೆಯಕ್ಕ ಮಕ್ಕಳಿಂದಲೇ ನುಗ್ಗೆಸೊಪ್ಪು, ಕರಿಬೇವು ಕೊಂಡು ಅವತ್ತಿನ ಸಾಂಬಾರಿಗೆ ಹಾಕಿ ಅದೇ ಮಕ್ಕಳಿಗೆ ಬಡಿಸಿದಳು. ಚುರುಮುರಿ ತಿಂದು ಹೊಟ್ಟೆ ತುಂಬಿಸಿಕೊಂಡಿದ್ದವರು ಅರ್ಧ ಬಿಟ್ಟರು. ‘ಮಾರುವಾಗ ತಾಜಾ ತಾಜಾ ಅಂತ ಬಾಯಿ ಬಡ್ಕೊಂಡ್ರಲ್ಲ, ತಿನ್ನಿ ಈಗ’ ಎಂದು ಅಡುಗೆಯಕ್ಕ ಸೌಟು ಹಿಡಿದು ನಿಂತಳು.

ನಿಜವಾದ ಪರೀಕ್ಷೆ ಮರುದಿನ ತರಗತಿಯಲ್ಲಿ. ಗಣಿತದ ಮೇಷ್ಟ್ರು ಹಲಗೆಯ ಮೇಲೆ ಅಸಲು, ಮಾರಿದ ಬೆಲೆ, ಲಾಭ ಅಥವಾ ನಷ್ಟ ಎಂದು ಮೂರು ಕಂಬಸಾಲು ಎಳೆದು, ನಿನ್ನೆಯ ಲೆಕ್ಕ ತುಂಬಿ ಎಂದರಂತೆ. ಸಂಜೆ ಟೀ ಅಂಗಡಿಯಲ್ಲಿ ಅವರೇ ಹೇಳಿದ್ದು. ಮಾರಿದ ಬೆಲೆ ಎಲ್ಲರಿಗೂ ಬಾಯಲ್ಲಿತ್ತು. ಅಸಲಿನಲ್ಲಿ ಇಡೀ ತರಗತಿ ಸೊನ್ನೆ ಬರೆಯಿತು. ಹಿತ್ತಲ ಸೊಪ್ಪಿಗೆ ಎಲ್ಲಿಯ ಅಸಲು ಸಾ, ಎಲ್ಲಾ ಲಾಭವೇ. ಪುಸ್ತಕದ ಲೆಕ್ಕದಲ್ಲಿ ಸಾಗಾಣಿಕೆ ಖರ್ಚನ್ನಾದರೂ ಸೇರಿಸುತ್ತಾರೆ. ಇವರು ಸೊಪ್ಪನ್ನು ಹೊತ್ತು ತಂದದ್ದು ತಲೆಯ ಮೇಲೆ. ಮೇಷ್ಟ್ರು ಬಿಡಲಿಲ್ಲ. ಮರ ಹತ್ತಿದ್ದು ಯಾರು, ಕಟ್ಟು ಕಟ್ಟಿದ್ದು ಯಾರು, ಬೇಸಿಗೆಯಲ್ಲಿ ಗಿಡಕ್ಕೆ ನೀರು ಹುಯ್ದದ್ದು ಯಾರು, ಅವರಿಗೆ ಎಷ್ಟು ಕೊಡಬೇಕೋ ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸಿದರು.

ಊರಲ್ಲಿ ಅವತ್ತು ರಾತ್ರಿ ಎಷ್ಟು ಮನೆಗಳಲ್ಲಿ ಈ ಚರ್ಚೆ ನಡೆಯಿತೋ. ಕೆಲವು ತಾಯಂದಿರು ನಕ್ಕು ‘ನಮಗ್ಯಾತರ ಕೂಲಿ’ ಎಂದರಂತೆ, ಆ ಮಕ್ಕಳು ಮತ್ತೆ ಸೊನ್ನೆಯನ್ನೇ ಹೊತ್ತು ತಂದವು. ನುಗ್ಗೆಸೊಪ್ಪಿನ ಹುಡುಗಿಯ ಅಜ್ಜಿ, ಕಟ್ಟು ಕಟ್ಟಿದ್ದಕ್ಕೆ ದುಡ್ಡು ಬೇಡ, ಎಲೆ ಅಡಿಕೆ ಕೊಡಿಸು ಎಂದಿತು. ಹುಡುಗಿ ‘ಅಸಲು: ಎಲೆ ಅಡಿಕೆ 20 ರೂ., ಮಾರಿದ ಬೆಲೆ 60 ರೂ., ಲಾಭ 40 ರೂ.’ ಎಂದು ಬರೆದಳು. ಕಡ್ಡಿಪೊರಕೆಯ ಹುಡುಗನ ಅಮ್ಮ ಮಾತ್ರ ಪಕ್ಕಾ. ಎರಡು ದಿನ ಗರಿ ಸೀಳಿದ್ದೇನೆ, ತೋಟದ ಕೂಲಿಯ ಲೆಕ್ಕದಲ್ಲೇ ಕೊಡು ಎಂದಳು. ಕೂಡಿ ಕಳೆದು ನೋಡಿದರೆ ಪೊರಕೆ ಮಾರಿದ್ದರಲ್ಲಿ ಹುಡುಗನಿಗೆ ನೂರಾರು ರೂಪಾಯಿ ನಷ್ಟ.

ಮೇಷ್ಟ್ರು ಇಬ್ಬರಿಗೂ ಸರಿ ಗುರುತು ಹಾಕಿದ್ದಾರೆ. ಪೊರಕೆಯ ಹುಡುಗ ನೋಟ್‌ಬುಕ್ಕನ್ನು ಮನೆಯಲ್ಲಿ ತೋರಿಸಿದನಂತೆ. ಮೇಷ್ಟ್ರ ಸಹಿ ಬಿದ್ದ ಮೇಲೆ ಅದು ಸಾಲಪತ್ರವಾಯಿತು ಎಂದು ಅವನಮ್ಮ ಈಗ ಬಾಕಿ ಕೇಳುತ್ತಿದ್ದಾಳೆ.