ಸವಳು ನೀರು, ಕರಿ ಕಾರು, ಒಂದು ಸ್ಪ್ರೇ ಬಾಟಲಿ

ಕರಿ ಕಾರು ತಗೋಬೇಡ ಅಂತ ನಮ್ಮ ಮಾವ ಮೊದಲೇ ಹೇಳಿದ್ದರು. ಕಲಬುರಗಿ ಬಿಸಿಲಿಗೂ ಧೂಳಿಗೂ ಬಿಳಿಯೇ ಸರಿ ಅಂತ. ನಾನು ಕೇಳಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು, ಬಣ್ಣ ನೋಡಿಯೇ ಮನಸೋತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಜೇವರ್ಗಿ ರಸ್ತೆಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಿದ್ದೆ. ಬಂಕ್‌ನ ಲೈಟು ಬಾನೆಟ್ ಮೇಲೆ ಬಿದ್ದಿತ್ತು. ಆ ಲೈಟಿನ ಸುತ್ತ ಜೇಡರಬಲೆ ಹೆಣೆದ ಹಾಗೆ ಸಣ್ಣ ಸಣ್ಣ ಗೀರು. ಬಾನೆಟ್ ತುಂಬಾ. ಹೊಟ್ಟೆ ಉರಿದುಹೋಯಿತು.

ಕಾರನ್ನು ಎಲ್ಲೂ ತಾಗಿಸಿರಲಿಲ್ಲ. ವಾರಕ್ಕೊಮ್ಮೆ ವಾಶಿಂಗ್‌ಗೆ ಬಿಡುತ್ತಿದ್ದೆ, ಅಷ್ಟೇ. ಮುಂದಿನ ವಾರ ಅಲ್ಲೇ ನಿಂತು ನೋಡಿದೆ. ಪ್ರೆಶರ್ ನೀರು ಹೊಡೆದರು, ನೊರೆ ಹಾಕಿದರು, ಎಲ್ಲಾ ಚೆನ್ನಾಗಿತ್ತು. ಆಮೇಲೆ ಹುಡುಗ ಒಂದು ಬಟ್ಟೆ ತಂದ. ಸ್ವಲ್ಪ ಹೊತ್ತಿನ ಮುಂಚೆ ಅದೇ ಬಟ್ಟೆಯಲ್ಲಿ ಇನ್ನೊಂದು ಗಾಡಿಯ ಚಕ್ರ ಒರೆಸಿದ್ದ. ಅದನ್ನು ಹಿಂಡಿ, ಅರ್ಧ ಒಣಗಿದ್ದ ಬಾನೆಟ್ ಮೇಲೆ ಗರಗರ ತಿರುಗಿಸಿ ತಿಕ್ಕಿದ. ಅವನನ್ನು ಬಯ್ಯಲು ಮನಸ್ಸು ಬರಲಿಲ್ಲ. ಬೆಳಗಿನಿಂದ ಸಂಜೆತನಕ ಒರೆಸುವ ಹುಡುಗ, ಹೇಳಿಕೊಟ್ಟವರು ಯಾರು?

ಅವತ್ತು ನನಗೆ ಗೊತ್ತಾಗಿದ್ದು ಇಷ್ಟು: ಕಾರಿನ ಬಣ್ಣಕ್ಕೆ ಜಾಸ್ತಿ ಪೆಟ್ಟು ಬೀಳುವುದು ಒರೆಸುವಾಗ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪದರ ಇರುತ್ತದೆ. ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಎಷ್ಟೇ ತೊಳೆದರೂ ಒಂದಿಷ್ಟು ಧೂಳು ಉಳಿದೇ ಉಳಿಯುತ್ತದೆ. ಅದರಲ್ಲಿ ಮರಳಿನ ಕಣ ಇದ್ದರೆ, ಬಟ್ಟೆ ಅದನ್ನು ಎಳೆದುಕೊಂಡೇ ಹೋಗುತ್ತದೆ. ನೀರು ಅರ್ಧ ಆರಿದ್ದರೆ ಬಟ್ಟೆ ಜಾರುವುದಿಲ್ಲ, ಹಿಡಿಯುತ್ತದೆ. ಹಿಡಿದ ಕಡೆ ನಾವು ಇನ್ನಷ್ಟು ಒತ್ತುತ್ತೇವೆ.

ಒರೆಸುವಾಗ ಬಣ್ಣದ ಮೇಲೆ ಹೊಡೆಯುವ ಸ್ಪ್ರೇ ಕೆಲಸಕ್ಕೆ ಬರುವುದು ಇಲ್ಲಿ. ಕ್ವಿಕ್ ಡಿಟೇಲರ್, ಸ್ಪ್ರೇ ವ್ಯಾಕ್ಸ್, ಸೆರಾಮಿಕ್ ಸ್ಪ್ರೇ ಅಂತ ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ. ಕಾರು ಇನ್ನೂ ಒದ್ದೆ ಇರುವಾಗಲೇ ಹೊಡೆದು, ಆ ನೀರಿನ ಜೊತೆಗೇ ಒರೆಸಬೇಕು. ಬಟ್ಟೆಗೂ ಬಣ್ಣಕ್ಕೂ ನಡುವೆ ಒಂದು ಜಾರುವಿಕೆ ಬರುತ್ತದೆ. ಇದು ಕೈಗೇ ಗೊತ್ತಾಗುತ್ತದೆ. ಸ್ಪ್ರೇ ಇಲ್ಲದೆ ಎಳೆದರೆ ಟವೆಲ್ ತಡೆದು ತಡೆದು ಬರುತ್ತದೆ. ಎರಡು ಸಲ ಹೊಡೆದು ಎಳೆಯಿರಿ, ಬೆಣ್ಣೆ ಮೇಲೆ ಬೆರಳು ಎಳೆದ ಹಾಗೆ ಸರಿದು ಬರುತ್ತದೆ. ಸ್ಪ್ರೇಯಲ್ಲಿ ವ್ಯಾಕ್ಸ್, ಅಂದರೆ ಮೇಣ, ಅಥವಾ ಸೆರಾಮಿಕ್ ಇದ್ದರೆ ನೀರು ಮುತ್ತುಮುತ್ತಾಗಿ ಉರುಳಿ ಹೋಗುತ್ತದೆ, ಒರೆಸುವ ಕೆಲಸವೂ ಕಮ್ಮಿ.

ನಮ್ಮೂರಿಗೆ ಇದು ಇನ್ನೂ ಜಾಸ್ತಿ ಬೇಕು ಅಂತ ನಾನು ಹೇಳುವುದಕ್ಕೆ ಕಾರಣ ನೀರು. ನಮ್ಮ ಮನೆ ಬೋರ್ ನೀರು ಸವಳು. ಆ ನೀರಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆ ನೀರಿನ ಒಂದು ಹನಿ ಏಪ್ರಿಲ್ ಬಿಸಿಲಲ್ಲಿ ಕರಿ ಬಾನೆಟ್ ಮೇಲೆ ಕೂತರೆ ಏನಾಗುತ್ತದೆ ನೋಡಿದ್ದೀರಾ? ಅಂಚು ಮೊದಲು ಆರುತ್ತದೆ. ಒಂದು ಬಿಳಿ ಉಂಗುರ ಮೂಡುತ್ತದೆ. ನಡುವೆ ಉಳಿದ ನೀರು ಆರಿದ ಮೇಲೆ ಸುಣ್ಣದ ಚುಕ್ಕೆ. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ತೊಳೆದರೆ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಕ್ಲಿಯರ್ ಕೋಟನ್ನೇ ತಿನ್ನುತ್ತದೆ, ಆಗ ಪಾಲಿಶ್ ಮಾಡಿಸದೆ ದಾರಿಯಿಲ್ಲ.

ಸ್ಪ್ರೇ ಹೊಡೆದರೆ ಸವಳು ನೀರು ಸಿಹಿ ನೀರಾಗುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ನೀರಲ್ಲಿರುವ ಸುಣ್ಣ ಅಲ್ಲೇ ಇರುತ್ತದೆ. ಆರುವ ಮೊದಲು ಅದನ್ನು ಟವೆಲ್‌ಗೆ ಎತ್ತಿಕೊಳ್ಳಲು ಸುಲಭ ಆಗುತ್ತದೆ, ಅಷ್ಟೇ. ಮಣ್ಣು ಹಿಡಿದ ಕಾರಿಗೆ ಸುಮ್ನೆ ಸ್ಪ್ರೇ ಹೊಡೆದು ಒರೆಸುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಗೀರು ಹಾಕುವುದಕ್ಕೆ ಸಮ.

ನಾನೀಗ ಭಾನುವಾರ ಬೆಳಗ್ಗೆ ಆರಕ್ಕೆ ಶುರು ಮಾಡುತ್ತೇನೆ. ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿದೆ, ಬಿಸಿಲು ಬಿದ್ದರೆ ಅದೇ ಹೆಂಚಿನಂತೆ ಕಾಯುತ್ತದೆ, ಅಷ್ಟರೊಳಗೆ ಮುಗಿಯಬೇಕು. ತೊಳೆದ ಮೇಲೆ ಟಾಪ್‌ನಿಂದ ಕೆಳಗೆ ಬರುತ್ತೇನೆ. ಒಂದು ಬಾಗಿಲಿಗೆ ಎರಡೇ ಸಲ ಸ್ಪ್ರೇ. ದಪ್ಪ ಮೈಕ್ರೋಫೈಬರ್ ಟವೆಲ್ ಪೂರ್ತಿ ಹಾಸಿ, ಎರಡು ತುದಿ ಹಿಡಿದು ನನ್ನ ಕಡೆ ಮೆಲ್ಲಗೆ ಎಳೆಯುತ್ತೇನೆ. ತಿಕ್ಕುವುದೇ ಇಲ್ಲ. ಕೊನೆಗೆ ಒಣ ಟವೆಲ್‌ನಿಂದ ಒಂದು ಸಲ ಮೇಲೆ ಮೇಲೆ. ಚಕ್ರಕ್ಕೂ ಕೆಳಗಿನ ಭಾಗಕ್ಕೂ ಬೇರೆ ಬಟ್ಟೆ. ಟವೆಲ್ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು.

ಶುರುವಿನಲ್ಲಿ ಜಾಸ್ತಿ ಹೊಡೆದರೆ ಜಾಸ್ತಿ ಹೊಳಪು ಅಂದುಕೊಂಡು ಬಾನೆಟ್ ತುಂಬಾ ಸುರಿದಿದ್ದೆ, ಅದೂ ಹತ್ತು ಗಂಟೆ ಬಿಸಿಲಲ್ಲಿ. ಸೆರಾಮಿಕ್ ಸ್ಪ್ರೇ ಅಲ್ಲೇ ಆರಿ ಮೋಡ ಕವಿದ ಹಾಗೆ ಪಟ್ಟೆ ಪಟ್ಟೆ ಆಯಿತು. ಅದನ್ನು ತೆಗೆಯಲು ಅರ್ಧ ದಿನ ಬೇಕಾಯಿತು. ಮುಂದಿನ ಗಾಜಿಗೂ ಹೊಡೆದಿದ್ದೆ. ವೈಪರ್ ತಡೆದು ತಡೆದು ಓಡಿತು, ರಾತ್ರಿ ಎದುರಿನ ಲಾರಿ ಲೈಟು ಗಾಜಿನ ಮೇಲೆಲ್ಲಾ ಹರಡಿತು. ಗಾಜಿಗೆ ಬೇಡ. ಬ್ರೇಕ್ ಡಿಸ್ಕ್ ಮೇಲಂತೂ ಒಂದು ಹನಿಯೂ ಬೀಳಬಾರದು. ಹೊಳಪಿಗೆ ಅಂತ ಡೀಸೆಲ್ ಸವರುವವರೂ ಇದ್ದಾರೆ. ಎಣ್ಣೆ ಪಸೆಗೆ ನಮ್ಮ ಧೂಳು ಹೇಗೆ ಅಂಟುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಪಕ್ಕದ ಮನೆ ಕಾಕಾ ಒಂದು ದಿನ ಗೇಟಿನ ಹತ್ತಿರ ನಿಂತು, "ಕುಡಿಲಿಕ್ಕೆ ನೀರಿಲ್ಲ, ನೀ ಕಾರಿಗಿ ಅತ್ತರ್ ಹೊಡಿಲಿಕತ್ತಿ ಏನೋ?" ಅಂದರು. ಅವರ ಮಾತಲ್ಲಿ ತಪ್ಪಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ಟ್ಯಾಂಕರ್ ಬರುವ ದಿನಗಳಿವೆ. ನನ್ನ ಎರಡು ಬಕೆಟ್ ತೋರಿಸಿದೆ. "ಕಾಕಾ, ಇಷ್ಟರಾಗೇ ಮುಗಿಸ್ತೀನ್ರಿ. ಪೈಪ್ ಹಚ್ಚಂಗಿಲ್ಲ." ಅವರು ಬಾಗಿಲ ಮೇಲೆ ಬೆರಳು ಸವರಿ ನೋಡಿದರು. ಮುಂದಿನ ಭಾನುವಾರ ಅವರ ಬಿಳಿ ಕಾರೂ ನಮ್ಮ ಗೇಟಿನ ಮುಂದೆ ನಿಂತಿತ್ತು. ಕೈಯಲ್ಲಿ ಹಳೇ ಪಂಚೆ ಹಿಡಿದಿದ್ದರು. ಪಂಚೆ ವಾಪಸ್ ಕೊಟ್ಟು, ನನ್ನ ಟವೆಲ್ ಕೊಟ್ಟೆ.