ಹಣೆಬರಹ ಅಂತ ಹೇಳಬೇಡಿ

ಮೂರು ವರ್ಷದ ಹಿಂದೆ ನನ್ನ ಸೋದರಮಾವನ ಮಗ ತೀರಿಕೊಂಡ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಎದುರಿಂದ ಬಂದ ಕಾರಿನವನು ಕುಡಿದಿದ್ದ. ತಿಥಿಗೆ ಬಂದವರೆಲ್ಲ ಅತ್ತೆಯ ಕೈ ಹಿಡಿದು ಒಂದೇ ಮಾತು ಹೇಳಿದರು, "ಹಣೆಬರಹ ಕಣಮ್ಮ." ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಕೇಳಿದರು: "ಕುಡಿದು ಕಾರು ಹತ್ತಿದ್ದು ಅವನಲ್ವೇನೋ? ಬರಹ ನನ್ನ ಮಗನ ಹಣೇಲಿ ಯಾಕಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೇ ಪ್ರಶ್ನೆ ಅಮೆರಿಕದಲ್ಲೂ ಒಬ್ಬ ತಾಯಿಗೆ ಬಂದಿತ್ತು. 1980ರ ಮೇ ತಿಂಗಳು, ಕ್ಯಾಲಿಫೋರ್ನಿಯಾ. ಕ್ಯಾಂಡೇಸ್ ಲೈಟ್ನರ್ ಅವರ 13 ವರ್ಷದ ಮಗಳನ್ನು ಕುಡಿದು ಓಡಿಸುತ್ತಿದ್ದವನ ಕಾರು ಬಲಿ ತೆಗೆದುಕೊಂಡಿತು. ಅವನು ಹಿಂದೆಯೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ. ಆ ತಾಯಿ ಅದೇ ವರ್ಷ ಸಂಸ್ಥೆ ಕಟ್ಟಿದರು. ಈಗ ಅದನ್ನು 'ಮದರ್ಸ್ ಅಗೇನ್‌ಸ್ಟ್ ಡ್ರಂಕ್ ಡ್ರೈವಿಂಗ್' ಅನ್ನುತ್ತಾರೆ. ಅವರು ಇಂಥ ಸಾವಿಗೆ 'ಆಕ್ಸಿಡೆಂಟ್' ಅನ್ನುವ ಪದವನ್ನೇ ಬಳಸುವುದಿಲ್ಲ. ಕುಡಿದು ಸ್ಟೀರಿಂಗ್ ಹಿಡಿಯುವುದು ಆಕಸ್ಮಿಕ ಅಲ್ಲ, ಅಲ್ವಾ?

ಅವರ ಕೆಲಸದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅವರು ಮನೆಯವರ ಜೊತೆ ನಿಲ್ಲುವ ರೀತಿ. ದಿನದ 24 ಗಂಟೆಯೂ ಫೋನ್ ಎತ್ತುವವರು ಇರುತ್ತಾರೆ. ಕೇಸಿನ ದಿನ ಕೋರ್ಟಿಗೆ ಜೊತೆಗೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಈ ಸಾವಿನಿಂದ ಮನೆ ಏನಾಯಿತು ಅಂತ ಜಡ್ಜ್ ಮುಂದೆ ಹೇಳಲು ಮನೆಯವರಿಗೆ ಅವಕಾಶ ಇದೆ. ಆ ಮಾತು ಬರೆಯಲು ನೆರವಾಗುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ನಮ್ಮಲ್ಲೂ ಒಳ್ಳೆಯ ಕೆಲಸ ನಡೆದಿದೆ. ತಮ್ಮನಂತಿದ್ದ ಹುಡುಗನನ್ನು ರಸ್ತೆಯಲ್ಲಿ ಕಳೆದುಕೊಂಡ ಪೀಯೂಷ್ ತಿವಾರಿ 2008ರಲ್ಲಿ ಸೇವ್‌ಲೈಫ್ ಫೌಂಡೇಶನ್ ಶುರು ಮಾಡಿದರು. ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಇವತ್ತು ಕಾನೂನಿನ ರಕ್ಷಣೆ ಇದ್ದರೆ, ಅದರ ಹಿಂದೆ ಅವರ ಕೋರ್ಟ್ ಹೋರಾಟ ಇದೆ. ಆದರೆ ಸಾವಾದ ಮೇಲೆ ಮನೆಯವರ ಜೊತೆ ನಿಲ್ಲುವವರು? ನಮ್ಮ ಮನೆಗಂತೂ ಯಾರೂ ಬರಲಿಲ್ಲ.

ಅತ್ತೆಗೆ ಎಫ್‌ಐಆರ್ ಪ್ರತಿ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಮಹಜರು, ಪೋಸ್ಟ್‌ಮಾರ್ಟಂ ವರದಿ, ಕಾರಿನವನ ರಕ್ತ ಪರೀಕ್ಷೆಯ ವರದಿ, ಇನ್ಶೂರೆನ್ಸ್ ವಿವರ, ಎಲ್ಲಕ್ಕೂ ಅಲೆದಾಟ. ಮೋಟಾರು ಅಪಘಾತ ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಲು 2019ರ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ. ನಮಗೆ ಅದು ತಿಳಿದಾಗ ನಾಲ್ಕು ತಿಂಗಳು ಕಳೆದಿತ್ತು. ಮಗನ ಬಟ್ಟೆಯನ್ನೇ ಮಡಚಿಡಲಾಗದ ತಾಯಿ ಗಡುವು ಲೆಕ್ಕ ಹಾಕುತ್ತಾ ಕೂರುತ್ತಾಳಾ? ಅರ್ಜಿಯನ್ನು ನಾವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು ಅಂತಲೂ ಆಮೇಲೆ ಗೊತ್ತಾಯಿತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಇಷ್ಟನ್ನು ಮೊದಲ ವಾರವೇ ಯಾರಾದರೂ ಹೇಳಿದ್ದರೆ!

ನಮ್ಮ ಜನ ಸಾವಿನ ಮನೆಗೆ ಅನ್ನ ತರುತ್ತಾರೆ, ಹೆಗಲು ಕೊಡುತ್ತಾರೆ. ಆ ಗುಣ ದೊಡ್ಡದು. ಹದಿಮೂರು ದಿನ ಆದ ಮೇಲೂ ಅದು ಬೇಕು. ನಮ್ಮ ಸಂಘಗಳು, ಟ್ರಸ್ಟ್‌ಗಳು ತಾಲ್ಲೂಕಿಗೆ ಇಬ್ಬರನ್ನಾದರೂ ಈ ಕೆಲಸಕ್ಕೆ ತಯಾರು ಮಾಡಲಿ.

ಹೋದ ತಿಂಗಳು ಕೋರ್ಟಿನ ಮೊಗಸಾಲೆಯಲ್ಲಿ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ನಿಂತಿದ್ದಳು. ಅತ್ತೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಒಂದೊಂದೇ ಕಾಗದ ತೆಗೆಸಿ ನೋಡಿ, ಯಾವುದು ಇಲ್ಲ ಅಂತ ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ನೀನು ಫೇಸ್‌ಬುಕ್ಕಲ್ಲಿ ಬರೀತೀಯಲ್ಲ, ಬೇಕಾದವರು ನನ್ನನ್ನ ಕೇಳಲಿ ಅಂತ ಬರಿ" ಅಂದರು. ಬರೆದಿದ್ದೇನೆ. ನನಗೆ ಮೆಸೇಜ್ ಮಾಡಿ, ಅತ್ತೆಗೆ ಫೋನ್ ಕೊಡುತ್ತೇನೆ.