ಖಾಲಿ ಹೊಟ್ಟೆಯಲ್ಲಿ ಬರಬೇಕಾ ಬೇಡವಾ, ಅದನ್ನು ಮೊದಲು ಹೇಳಿ ಸ್ವಾಮೀ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತು ಇದ್ದವರು ಮಾತ್ರ ಓದಿ.

ಇವತ್ತು ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಅಕ್ಕ ಶುಗರ್ ಟೆಸ್ಟಿಗೆ ಅಂತ ಹೊರಟರು. ಸುರತ್ಕಲ್‌ನಲ್ಲಿ ಬಸ್ಸು ಹತ್ತಿ, ಮಂಗಳೂರು ಪೇಟೆಯಲ್ಲಿ ಇಳಿದು, ಒಂದು ಲ್ಯಾಬಿನ ಕೌಂಟರಿನವರೆಗೆ ಹೋಗಿ ವಾಪಸ್ ಬಂದರು. ಕಾರಣ ಇಷ್ಟೇ. ಹೊರಡುವ ಮೊದಲು ಅರ್ಧ ಲೋಟ ಚಹಾ ಕುಡಿದಿದ್ದರು. "ಫಾಸ್ಟಿಂಗ್ ಅಲ್ವಾ ನಿಮ್ಮದು, ಚಹಾ ಕುಡಿದು ಬಂದದ್ದಾ?" ಅಂತ ಕೌಂಟರಿನ ಹುಡುಗಿ ಎಲ್ಲರೆದುರು ಕೇಳಿದಳಂತೆ. ಅಕ್ಕನಿಗೆ ನಾಚಿಕೆ. "ಅವರ ವೆಬ್‌ಸೈಟ್ ಓದಿಯೇ ಹೋದದ್ದು ಮಾರಾಯ್ರೆ, ನನಗೇ ತಲೆಗೆ ಹೋಗಲಿಲ್ಲ ಕಾಣ್ತದೆ" ಅಂದರು. ನನಗೆ ರೇಗಿದ್ದು ಅಲ್ಲಿ. ಚಹಾ ಕುಡಿದದ್ದಕ್ಕಲ್ಲ, ತಪ್ಪು ತನ್ನದೇ ಅಂತ ಅವರು ಅಂದುಕೊಂಡದ್ದಕ್ಕೆ.

ಅವರ ಮೊಬೈಲಿನಲ್ಲೇ ಆ ಪುಟ ತೆರೆದು ನೋಡಿದೆ. ಮೇಲೆ ಕಟ್ಟಡದ ಫೋಟೋ. ಅದು ತಾನಾಗಿ ಜಾರಿ ಉದ್ಘಾಟನೆಯ ಫೋಟೋ. ಆಮೇಲೆ ಸ್ಥಾಪಕರ ಕಿರುಪರಿಚಯ. ಅದರ ಕೆಳಗೆ, ಸಮಾಜದ ಸಕಲ ಸ್ತರಗಳ ಜನರ ಆರೋಗ್ಯದ ಅಭ್ಯುದಯಕ್ಕೆ ಸಂಸ್ಥೆಯು ಕಟಿಬದ್ಧವಾಗಿದೆ ಎಂಬ ಘೋಷಣೆ. ಹೆಬ್ಬೆರಳು ನೋಯುವಷ್ಟು ಸ್ಕ್ರೋಲ್ ಮಾಡಿದ ಮೇಲೆ ಈ ಸಾಲು ಸಿಕ್ಕಿತು: "ಕೆಲವು ಪರೀಕ್ಷೆಗಳಿಗೆ ಒಳಪಡಲಿಚ್ಛಿಸುವವರು ಮಾದರಿ ಸಂಗ್ರಹಣೆಗೆ ಪೂರ್ವಭಾವಿಯಾಗಿ ನಿಗದಿತ ಅವಧಿಯ ನಿರಾಹಾರ ಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು."

ಯಾವ ಪರೀಕ್ಷೆ? ಎಷ್ಟು ಹೊತ್ತು? ಚಹಾ ಆಹಾರವಾ ಅಲ್ಲವಾ? ನೀರು ಕುಡಿಯಬಹುದಾ? ಒಂದಕ್ಕೂ ಉತ್ತರ ಇಲ್ಲ. ಅಕ್ಕ ಓದು ಬಾರದವರಲ್ಲ. ದಿನಾ ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದವರೆಗೆ ಓದುತ್ತಾರೆ.

ಹೇಳಬೇಕಾದದ್ದು ಇಷ್ಟೇ ಇತ್ತು. "ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಬರುವ ಮುಂಚೆ ಕನಿಷ್ಠ 8 ಗಂಟೆ ಏನೂ ತಿನ್ನಬೇಡಿ. ಚಹಾ, ಕಾಫಿ, ಹಾಲು ಕೂಡ ಬೇಡ. ನೀರು ಕುಡಿಯಬಹುದು. ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಬನ್ನಿ." ಇದರ ಕೆಳಗೆ ಲ್ಯಾಬ್ ತೆರೆಯುವ ಹೊತ್ತು, ಫೋನ್ ನಂಬರು. ಮುಗಿಯಿತು. ಕಟ್ಟಡದ ಫೋಟೋ ಬೇಕಿದ್ದರೆ ಆಮೇಲೆ ಹಾಕಿಕೊಳ್ಳಿ, ಯಾರು ಬೇಡ ಅಂದರು.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ಪೇಪರಿನ ಡೆಸ್ಕ್ ಬಿಟ್ಟ ಮೇಲೆ ಕಾಲೇಜು, ಆಸ್ಪತ್ರೆ, ಸೊಸೈಟಿಗಳ ವೆಬ್‌ಸೈಟಿಗೆ ಕನ್ನಡ ಬರೆದುಕೊಡುವುದೇ ಕೆಲಸ. ಹಾಗಾಗಿ ಇಂಥ ಸಾಲು ಎಲ್ಲಿ ಹುಟ್ಟುತ್ತದೆ ಅಂತ ಚೆನ್ನಾಗಿ ಗೊತ್ತು. ಎಸಿ ಹಾಕಿದ ಮೀಟಿಂಗ್ ರೂಮಿನಲ್ಲಿ. ಮೊದಲು ಯಾರೋ ಒಬ್ಬರು ಸರಿಯಾಗಿಯೇ ಬರೆದಿರುತ್ತಾರೆ. ಮ್ಯಾನೇಜರು "ಸ್ವಲ್ಪ ತೂಕ ಇರಲಿ" ಅನ್ನುತ್ತಾರೆ. ಕಾರ್ಯದರ್ಶಿ ಎರಡು ಸಂಸ್ಕೃತ ಪದ ಸೇರಿಸುತ್ತಾರೆ. ಇನ್ನೊಬ್ಬರು, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಅಂತ ಹೆದರಿ, 8 ಗಂಟೆ ಅನ್ನುವುದನ್ನು ತೆಗೆದು "ನಿಗದಿತ ಅವಧಿ" ಮಾಡುತ್ತಾರೆ. ಅಧ್ಯಕ್ಷರು ತಮ್ಮ ಸಂದೇಶ ಎಲ್ಲಿ ಅಂತ ಕೇಳುತ್ತಾರೆ. ಬಾದಾಮಿ ಹಾಲು ಕುಡಿದು ಎಲ್ಲರೂ ಒಪ್ಪುತ್ತಾರೆ. ಇಷ್ಟರಲ್ಲಿ ಅಕ್ಕ ಎಲ್ಲಿಯೂ ಇಲ್ಲ. ಆ ಪುಟ ಮೀಟಿಂಗಿನಲ್ಲಿ ಪಾಸಾಗುವುದಕ್ಕೆ ಬರೆದದ್ದು, ಓದುವವರಿಗೆ ಅಂತ ಬರೆದದ್ದೇ ಅಲ್ಲ.

ಡೆಸ್ಕಿಗೆ ಸೇರಿದ ಹೊಸತರಲ್ಲಿ ನಮಗೆ ಕಲಿಸಿದ್ದೇ ಇದರ ಉಲ್ಟಾ. ಅಪಘಾತ ಆಯಿತಾ, ಎಲ್ಲಿ, ಯಾರಿಗೆ ಏನಾಯಿತು, ಮೊದಲ ಪ್ಯಾರಾದಲ್ಲೇ ಬರಬೇಕು. ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಿದ್ದರು, ಅದಕ್ಕೇ ಮುಖ್ಯವಾದದ್ದು ಮೇಲಿರಬೇಕು ಅಂತ. ವೆಬ್‌ಸೈಟಿನಲ್ಲಿ ಜಾಗಕ್ಕೆ ಬರ ಇಲ್ಲ, ಯಾರೂ ಕತ್ತರಿಸುವುದಿಲ್ಲ ಅಂತ ಇವರೆಲ್ಲ ಅಂದುಕೊಂಡಿದ್ದಾರೆ. ಓದುವವನು ಕತ್ತರಿಸುತ್ತಾನೆ ಮಾರಾಯ್ರೆ. ಅವನ ಹೆಬ್ಬೆರಳು ಎಲ್ಲಿ ಸುಸ್ತಾಯಿತೋ ಅಲ್ಲಿಗೆ ನಿಮ್ಮ ಪುಟ ಮುಗಿಯಿತು.

ಇದು ಹೊಸ ವಿಷಯವೂ ಅಲ್ಲ. ವೆಬ್‌ಸೈಟುಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಎಂಬವರು 1997ರಲ್ಲೇ ಜನರನ್ನು ಕೂರಿಸಿ ಪರೀಕ್ಷೆ ಮಾಡಿ ಬರೆದರು. ಹೊಸ ಪುಟ ತೆರೆದಾಗ ಶೇ. 79 ಮಂದಿ ಮೇಲಿಂದ ಮೇಲೆ ಕಣ್ಣಾಡಿಸಿದರು, ಅಕ್ಷರ ಅಕ್ಷರ ಓದಿದವರು ಶೇ. 16 ಮಾತ್ರ. ಅವರ ಇನ್ನೊಂದು ಪರೀಕ್ಷೆ ನನಗೆ ಜಾಸ್ತಿ ಇಷ್ಟ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪ್ರವಾಸಿ ತಾಣಗಳ ಬಗ್ಗೆ ಒಂದೇ ಮಾಹಿತಿಯನ್ನು ಬೇರೆ ಬೇರೆ ರೀತಿಯಲ್ಲಿ ಬರೆದು ಓದಿಸಿದರು. ಎಷ್ಟು ಬೇಗ ಮಾಹಿತಿ ಸಿಕ್ಕಿತು, ಎಷ್ಟು ತಪ್ಪಾಯಿತು, ಎಷ್ಟು ನೆನಪು ಉಳಿಯಿತು ಅಂತೆಲ್ಲ ಅಳೆದರು. ವಿಶ್ವವಿಖ್ಯಾತ, ನಯನಮನೋಹರ ಥರದ ಬಣ್ಣನೆಯನ್ನು ತೆಗೆದದ್ದಕ್ಕೇ ಫಲಿತಾಂಶ ಶೇ. 27 ಉತ್ತಮವಾಯಿತು. ಪದಗಳನ್ನು ಅರ್ಧಕ್ಕೆ ಇಳಿಸಿದಾಗ ಶೇ. 58. ಬಣ್ಣನೆ ತೆಗೆದು, ಚಿಕ್ಕದು ಮಾಡಿ, ಕಣ್ಣಾಡಿಸಲು ಸುಲಭವಾಗುವಂತೆ ಜೋಡಿಸಿದಾಗ ಶೇ. 124. ಆಗ ಸ್ಮಾರ್ಟ್‌ಫೋನ್ ಜನರ ಕೈಗೆ ಬಂದೂ ಇರಲಿಲ್ಲ. ಈಗ ನಮ್ಮೂರಲ್ಲಿ ಓದುವುದು ಅಂಗೈಯಗಲದ ಸ್ಕ್ರೀನಿನಲ್ಲಿ, ಬ್ರೇಕ್ ಹಾಕುವ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು.

ನಮ್ಮಲ್ಲಿ ಮಾದರಿ ಇಲ್ಲ ಅನ್ನಬೇಡಿ. ಪೇಪರಿನಲ್ಲಿ ಬರುವ "ಇಂದಿನ ಯಕ್ಷಗಾನ" ನೋಡಿ. ಮೇಳದ ಹೆಸರು, ಆಟ ಎಲ್ಲಿ, ಪ್ರಸಂಗ ಯಾವುದು. ಒಂದು ಸಾಲು, ಅಷ್ಟೇ. ಮೇಳ ಹೊರಟ ದಿನದಿಂದ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಅದನ್ನು ನೋಡಿಯೇ ಜನ ಗದ್ದೆ ಬಯಲಿನ ದಾರಿ ಹಿಡಿಯುತ್ತಾರೆ. ಯಕ್ಷಗಾನವು ಕರಾವಳಿಯ ಹೆಮ್ಮೆಯ ಕಲೆ, ಅದರ ಇತಿಹಾಸ ಹೀಗೆ ಅಂತ ಅಲ್ಲಿ ಯಾರೂ ಪೀಠಿಕೆ ಹಾಕುವುದಿಲ್ಲ. ಆಟ ನೋಡುವವನಿಗೆ ಆ ಹೊತ್ತಿಗೆ ಬೇಕಾದದ್ದು ಜಾಗ ಮತ್ತು ಪ್ರಸಂಗ. ಅದನ್ನು ಬರೆದವರಿಗೆ ಇದು ಗೊತ್ತು. ಲಕ್ಷಗಟ್ಟಲೆ ಕೊಟ್ಟು ವೆಬ್‌ಸೈಟ್ ಮಾಡಿಸುವವರಿಗೆ ಗೊತ್ತಿಲ್ಲ.

ಮಳೆಗಾಲದ್ದು ಇನ್ನೊಂದು ಗೋಳು. ಹವಾಮಾನ ಇಲಾಖೆಯವರು 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಸುರಿದರೆ ಅದನ್ನು ಅತ್ಯಂತ ಭಾರಿ ಮಳೆ ಅನ್ನುತ್ತಾರೆ. ಆದರೆ ಮೀನು ಮಾರುವ ಹೆಂಗಸಿಗೆ ಆ ಲೆಕ್ಕ ಬೇಡ. ಅವರಿಗೆ ಎಚ್ಚರಿಕೆಯ ಬಣ್ಣ ಕೆಂಪು ಅಂದರೆ ಸಾಕು. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ವಿಜ್ಞಾನಿಗಳು ಇಷ್ಟು ಇಳಿದು ಬಂದಿದ್ದಾರೆ. ಅದೇ ಕೆಂಪನ್ನು ಹಿಡಿದುಕೊಂಡು ನಮ್ಮ ಸುದ್ದಿ ಜಾಲತಾಣಗಳು ಏನು ಮಾಡುತ್ತವೆ? "ನಾಳೆ ಶಾಲೆಗೆ ರಜೆ ಇದೆಯಾ? ಇಲ್ಲಿದೆ ಸಂಪೂರ್ಣ ಮಾಹಿತಿ." ಒಳಗೆ ಹೋದರೆ ಮುಂಗಾರಿನ ವರ್ಣನೆ, ತುಂಬಿ ಹರಿವ ನೇತ್ರಾವತಿ, ಹಳೆಯ ಫೋಟೋ, ನಡುವೆ ಮೂರು ಜಾಹೀರಾತು. ಕೊನೆಯ ಸಾಲಿನಲ್ಲಿ, ರಜೆಯ ಬಗ್ಗೆ ಇನ್ನೂ ಆದೇಶ ಬಂದಿಲ್ಲ! ರಾತ್ರಿ ಹತ್ತಕ್ಕೆ ಮಗುವಿನ ಯೂನಿಫಾರ್ಮ್ ಒಣಗಿಸಬೇಕಾ ಬೇಡವಾ ಅಂತ ಕಾಯುತ್ತಿರುವ ಅಮ್ಮಂದಿರ ಶಾಪ ಇವರಿಗೆ ತಟ್ಟದೆ ಇರುವುದಿಲ್ಲ.

ಬ್ರಿಟನ್ ಸರಕಾರದ ವೆಬ್‌ಸೈಟಿನಲ್ಲಿ ಬ್ಯಾಂಕ್ ರಜೆಗಳಿಗೇ (ಅಲ್ಲಿ ಸಾರ್ವಜನಿಕ ರಜೆಗೆ ಹಾಗೆ ಅನ್ನುವುದು) ಒಂದು ಪುಟ ಉಂಟು. ತೆರೆದ ಕೂಡಲೇ ಮುಂದಿನ ರಜೆ ಯಾವತ್ತು ಅಂತ ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಉಳಿದ ರಜೆಗಳ ಪಟ್ಟಿ ಅದರ ಕೆಳಗೆ. ಮಂತ್ರಿಯ ಫೋಟೋ ಇಲ್ಲ. 2012ರಲ್ಲಿ ಬೇರೆ ಬೇರೆ ಸರಕಾರಿ ತಾಣಗಳನ್ನು ಒಂದೇ ಕಡೆ ತರುವಾಗ ಅವರು ಹಿಡಿದ ಹಠ ಇದು: ಇಲಾಖೆಗೆ ಹೇಳಿಕೊಳ್ಳಬೇಕಾದದ್ದಲ್ಲ, ಜನರಿಗೆ ತಿಳಿಯಬೇಕಾದದ್ದು ಮೊದಲು. ವಾಕ್ಯ 25 ಪದ ದಾಟಬಾರದು ಅಂತ ಬರೆಯುವವರಿಗೆ ಸೂಚನೆ ಬೇರೆ. ನಮ್ಮಲ್ಲಿ 25 ಪದಕ್ಕೆ ಇನ್ನೂ ಕರ್ತೃವೇ ಬಂದಿರುವುದಿಲ್ಲ.

ಈಗ ಕೆಲವರು ಶುರು ಮಾಡುತ್ತಾರೆ, ಗೊತ್ತು. "ಹೀಗೆ ಬರೆದರೆ ಭಾಷೆಗೆ ಗಾಂಭೀರ್ಯ ಎಲ್ಲಿ? ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಊರು ನಮ್ಮದು." ಹೌದು ಸ್ವಾಮೀ, ಮಂಗಳೂರ ಸಮಾಚಾರ, 1843. ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಜರ್ಮನಿಯಿಂದ ಬಂದು, ಕನ್ನಡ ಕಲಿತು, ಕಲ್ಲಚ್ಚಿನಲ್ಲಿ ಪತ್ರಿಕೆ ಹೊರಡಿಸಿದ್ದು ಊರಿನವರಿಗೆ ಸುದ್ದಿ ತಿಳಿಯಲಿ ಅಂತ. ಮೀಟಿಂಗಿನಲ್ಲಿ ಪಾಸಾಗಲಿ ಅಂತ ಅಲ್ಲ.

ಗಾಂಭೀರ್ಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಡಿ. ನಾನು ತಾಳಮದ್ದಳೆಯ ಹುಚ್ಚ, ವೇಷ ಕುಣಿತ ಇಲ್ಲದೆ ಬರೀ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ ಅದು. ಒಳ್ಳೆಯ ಅರ್ಥಧಾರಿ ಕರ್ಣನಾಗಿ ಮಾತಿಗೆ ನಿಂತರೆ ಉದ್ದುದ್ದ ಸಮಾಸಗಳನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಒಮ್ಮೊಮ್ಮೆ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಅಲ್ಲಿಗೆ ನಾನು ಮಾತು ಕೇಳಲಿಕ್ಕೇ ಹೋದದ್ದು. ಲ್ಯಾಬಿನ ಪುಟಕ್ಕೆ ಯಾರೂ ಮಾತು ಕೇಳಲಿಕ್ಕೆ ಹೋಗುವುದಿಲ್ಲ.

ಇನ್ನೊಂದು ವಾದ, ಸರಳವಾಗಿ ಬರೆದರೆ ಓದಿದವರು ಹಗುರವಾಗಿ ನೋಡುತ್ತಾರಂತೆ. ಅಮೆರಿಕದ ಕ್ರಿಸ್ಟೋಫರ್ ಟ್ರೂಡೊ ಎಂಬ ಕಾನೂನು ಪ್ರಾಧ್ಯಾಪಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾನೂನಿನ ವಿಷಯದಲ್ಲೇ ಜನರನ್ನು ಕೇಳಿದರು. ಶೇ. 80ರಷ್ಟು ಸಲ ಜನ ಸರಳ ವಾಕ್ಯವನ್ನೇ ಆರಿಸಿದರು. ವಿಷಯ ಕಷ್ಟವಾದಷ್ಟೂ ಸರಳ ಮಾತೇ ಇರಲಿ ಅಂದವರು ಜಾಸ್ತಿ. ಕಾನೂನಿಗೇ ಆಗುತ್ತದೆ ಅಂದರೆ ರಕ್ತಪರೀಕ್ಷೆಗೆ ಆಗುವುದಿಲ್ಲವಾ?

ವೀಡಿಯೊ ಮಾಡಿ ಹಾಕಿದರಾಯ್ತು ಅನ್ನುವವರ ಹತ್ತಿರ ನಾನು ಜಗಳ ಮಾಡುವುದಿಲ್ಲ. ಚಹಾ ಕುಡಿಯಬಹುದಾ ಅಂತ ತಿಳಿಯಲು ಐದು ನಿಮಿಷ ಹಿನ್ನೆಲೆ ಸಂಗೀತ ಕೇಳುವ ತಾಳ್ಮೆ ನಿಮಗಿದ್ದರೆ ಕೇಳಿ.

ನಮ್ಮ ಊರಿನದ್ದು ಒಂದು ವಿಶೇಷ ಇದೆ, ಅದು ಬೆಂಗಳೂರಿನ ಏಜೆನ್ಸಿಯವರಿಗೆ ಹೊಳೆಯುವುದೇ ಇಲ್ಲ. ಇಲ್ಲಿ ಎಷ್ಟೋ ಮಂದಿಗೆ ಕನ್ನಡ ಮನೆ ಮಾತಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯಲ್ಲಿ ಕಲಿತದ್ದು, ಪೇಪರಿನಲ್ಲಿ ಓದಿದ್ದು. ಕಾಸರಗೋಡಿನಿಂದ, ಕೊಡಗಿನಿಂದ, ಘಟ್ಟದ ಮೇಲಿನಿಂದ ಬೇರೆ ಮಂಗಳೂರಿನ ಆಸ್ಪತ್ರೆಗಳಿಗೆ ಜನ ಬರುತ್ತಾರೆ. ಬೆಳಗಿನ ಮೊದಲ ಬಸ್ಸು ಹತ್ತುವ ಮುಂಚೆ ಅವರಿಗೆ ಇರುವುದು ಆ ಪುಟ ಒಂದೇ. ಅದರಲ್ಲಿ "ಒಳಪಡಲಿಚ್ಛಿಸುವವರು" ಅಂತ ಬರೆದು ನೀವು ಯಾವ ಕನ್ನಡ ಉಳಿಸುತ್ತೀರಿ?

ಕೆಲವರು ಅಷ್ಟೂ ಬರೆಯುವುದಿಲ್ಲ. ಸುತ್ತೋಲೆಯ ಫೋಟೋ ತೆಗೆದು, ಪಿಡಿಎಫ್ ಮಾಡಿ ಅಂಟಿಸಿಬಿಡುತ್ತಾರೆ. ಓರೆಯಾಗಿ, ಸೀಲಿನ ನೆರಳು ಸಮೇತ. ಕಣ್ಣು ಕಾಣದವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ಅಂಥ ಫೋಟೋದಲ್ಲಿ ಅದಕ್ಕೆ ಓದಲು ಅಕ್ಷರವೇ ಇರುವುದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಹೋದ ತಿಂಗಳು ಒಂದು ಸಂಸ್ಥೆಗೆ ಅಡ್ಮಿಶನ್ ಪುಟ ಬರೆದುಕೊಟ್ಟೆ. ಫೀಸ್ ಎಷ್ಟು, ಕೊನೆಯ ದಿನ ಯಾವುದು, ಏನೇನು ದಾಖಲೆ ತರಬೇಕು, ಹಾಸ್ಟೆಲ್ ಉಂಟಾ ಇಲ್ಲವಾ, ಎಲ್ಲ ಒಂದೇ ಸ್ಕ್ರೀನಿನಲ್ಲಿ. ಅವರು ಓದಿ ನಕ್ಕು, "ಇಷ್ಟು ಸುಲಭ ಆದರೆ ನಮ್ಮ ಗುಮಾಸ್ತನೇ ಬರೆಯುತ್ತಿದ್ದನಲ್ಲ, ನಿಮಗೆ ಯಾಕೆ ದುಡ್ಡು ಕೊಡುವುದು?" ಅಂದರು. ತಮಾಷೆಗೇ ಅಂದದ್ದು. ಆದರೆ ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಸರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಅಕ್ಷರ ನಂಬಿ ಬದುಕಿದವನಿಗೆ, ಅರ್ಥವಾಗುವ ಹಾಗೆ ಬರೆದದ್ದೇ ಅಪರಾಧ ಆಯ್ತಲ್ಲ ಅಂತ.

ಆ ಸುಲಭದ ಹಿಂದಿನ ಕೆಲಸ ಅವರಿಗೆ ಕಾಣುವುದಿಲ್ಲ. ಒಂದು ಬೆಳಿಗ್ಗೆ ಇಡೀ ನಾನು ಅವರ ರಿಸೆಪ್ಶನ್ನಿನಲ್ಲಿ ಫೋನಿನ ಪಕ್ಕ ಕೂತಿದ್ದೆ. ಕರೆ ಮಾಡಿದವರು ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಅಂತ ಬರೆದುಕೊಳ್ಳುತ್ತಾ. ಸ್ಥಾಪಕರು ಯಾರು ಅಂತ ಒಬ್ಬರೂ ಕೇಳಲಿಲ್ಲ. ದೂರದೃಷ್ಟಿ ಏನು ಅಂತಲೂ ಕೇಳಲಿಲ್ಲ. ಫೀಸು, ಹಾಸ್ಟೆಲ್, ಬಸ್ಸು, ಟಿಸಿ ತಡವಾದರೆ ನಡೆಯುತ್ತದಾ, ಇವೇ. ಹೆಚ್ಚು ಮಂದಿ ಕೇಳಿದ್ದು ಮೇಲೆ ಹೋಯಿತು, ಅವರು ಕೇಳಿದ ಮಾತಿನಲ್ಲೇ ಸಬ್‌ಹೆಡ್ ಆಯಿತು. ಬರೆದ ಮೇಲೆ ಅಲ್ಲಿನ ವಾಚ್‌ಮ್ಯಾನಿಗೆ ಮೊಬೈಲ್ ಕೊಟ್ಟು, "ಫೀಸ್ ಕಟ್ಟಲು ಕೊನೆಯ ದಿನ ಯಾವುದು ಹೇಳಿ ನೋಡುವ" ಅಂದೆ. ಅವರು ತಡವರಿಸಿದ ಕಡೆಯೆಲ್ಲ ತಿದ್ದಿದೆ. ಇದಕ್ಕೆ ದುಡ್ಡು ತೆಗೆದುಕೊಳ್ಳುತ್ತೇನೆ ಸ್ವಾಮೀ, ನಾಚಿಕೆ ಇಲ್ಲದೆ.

ಈ ಲ್ಯಾಬಿಗೂ ಇವತ್ತು ಮೇಲ್ ಹಾಕಿದ್ದೇನೆ. ಮೇಲೆ ಬರೆದ ಸಾಲುಗಳನ್ನೇ ಕಳಿಸಿದ್ದೇನೆ, ಪುಕ್ಕಟೆ. "ತಮ್ಮ ಅಮೂಲ್ಯ ಸಲಹೆಯನ್ನು ಸಂಬಂಧಿಸಿದವರ ಗಮನಕ್ಕೆ ತರಲಾಗುವುದು" ಅಂತ ಉತ್ತರ ಬಂದಿದೆ. ಅಂದರೆ ಮೀಟಿಂಗಿಗೆ ಹೋಗುತ್ತದೆ.

ನಿಮ್ಮ ಶಾಲೆಯದ್ದೋ, ಸಂಘದ್ದೋ, ದೇವಸ್ಥಾನದ ಸೇವಾ ಪಟ್ಟಿಯದ್ದೋ ಪುಟ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಕೂತು ತಿದ್ದಿಕೊಡುತ್ತೇನೆ, ದುಡ್ಡು ಬೇಡ. ಅಧ್ಯಕ್ಷರ ಸಂದೇಶ ಮೇಲೆಯೇ ಇರಬೇಕು ಅನ್ನುವವರು ದಯವಿಟ್ಟು ಬೇರೆ ಯಾರನ್ನಾದರೂ ನೋಡಿಕೊಳ್ಳಿ.